ಪ್ರಿನ್ಸ್ ಯಾಕ ಏಳವಲ್ಲ?

ನಮ್ಮ ಚಿತ್ತಾಪುರದ ಕಡೆ ಎರಡು ಮನಿ ನಡುವ ಕಾಂಪೌಂಡ್ ಅಂದ್ರ ಶಹಾಬಾದ್ ಫರ್ಸಿ ಸಾಲಾಗಿ ಹುಗಿದು ನಿಲ್ಲಿಸಿದ್ದು. ಎದಿಮಟ್ಟ ಇರ್ತದ, ಮಾತಿಗೆ ಅಡ್ಡಿ ಇಲ್ಲ. ಆ ಕಡಿ ಮನಿ ಕಾಕಾ ವಾಡಿ ಸಿಮೆಂಟ್ ಫ್ಯಾಕ್ಟರಿಯಿಂದ ರಿಟೈರ್ ಆದವರು. ಮಗ ಹೊಸ ಲ್ಯಾಪ್‌ಟಾಪ್ ಕೊಡಿಸ್ಯಾನ.

“ತಮ್ಮಾ, ಈ ಲ್ಯಾಪ್‌ಟಾಪ್ ಕೆಟ್ಟದ ನೋಡು.”

“ಏನಾಗ್ಯಾದ್ರಿ ಕಾಕಾ?”

“ಪ್ರಿನ್ಸ್ ಏಳವಲ್ಲ!”

ಪ್ರಿನ್ಸ್ ಅಂದ್ರ ಪ್ರಿನ್ಸ್ ಆಫ್ ಪರ್ಶಿಯಾ. ಜೋರ್ಡನ್ ಮೆಕ್ನರ್ 1989ರಾಗ ಆಪಲ್ 2 ಕಂಪ್ಯೂಟರಿಗೆ ಮಾಡಿದ ಆಟ, ಮರುವರ್ಷ ಡಾಸ್‌ಗೆ ಬಂತು. ಕಂಪ್ಯೂಟರ್ ಕ್ಲಾಸಿಗೆ ಹೋದವರು ಕಲಿತದ್ದು ಎಷ್ಟೋ ಏನೋ, ಪ್ರಿನ್ಸ್ ಮತ್ತ ಡೇಂಜರಸ್ ಡೇವ್ ಮಾತ್ರ ಮರ್ತಿಲ್ಲ. ಕಾಕಾ ಅಂತೂ ಆಟನ್ನ ಫ್ಲಾಪಿಯಿಂದ ಸಿಡಿಗೆ, ಸಿಡಿಯಿಂದ ಪೆನ್‌ಡ್ರೈವ್‌ಗೆ ದಾಟಿಸಿಕೋತ ಬಂದಾರ.

“ಲ್ಯಾಪ್‌ಟಾಪೂ ಕೆಟ್ಟಿಲ್ರಿ, ಆಟನೂ ಕೆಟ್ಟಿಲ್ಲ. ಅದು 16 ಬಿಟ್ ಪ್ರೋಗ್ರಾಮ್, ನಿಮ್ಮದು 64 ಬಿಟ್ ವಿಂಡೋಸ್. ಒಂದರ ಮಾತು ಇನ್ನೊಂದಕ್ಕ ತಿಳಿಯಂಗಿಲ್ಲ. 32 ಬಿಟ್ ವಿಂಡೋಸ್ 10 ತನಕ ಒಂದು ಕಳ್ಳದಾರಿ ಇತ್ತು. 2021ರಾಗ ಬಂದ ವಿಂಡೋಸ್ 11 ಬರೇ 64 ಬಿಟ್, ಆ ದಾರಿನೂ ಬಂದ್.”

“ಇಷ್ಟು ರೊಕ್ಕ ಸುರಿದ ಮಷೀನಿಗೆ ಒಂದು ಫ್ಲಾಪಿ ಆಟ ಭಾರ ಆಯ್ತೇನು?”

“ಭಾರ ಅಲ್ರಿ, ಹಗುರಾಯ್ತು. ಹಳೇ ಆಟ ಕೆಲವು ಪ್ರೊಸೆಸರ್ ಓಡಿದಷ್ಟು ತಾವೂ ಓಡ್ತಾವ. ಇವತ್ತಿನ ವೇಗಕ್ಕ ಬಿಟ್ರ ಕಣ್ಣು ಮಿಟಕಿಸೋದ್ರಾಗ ಆಟ ಮುಗೀತದ.”

ಮಷೀನಿಗೆ ವಯಸ್ಸಾಗೋದು ಗೊತ್ತಿತ್ತು, ವಯಸ್ಸಾದಂಗ ನಟಿಸೋದನ್ನ ಕಲಿಸಿದ್ದು ಡಾಸ್‌ಬಾಕ್ಸ್. 2002ರಾಗ ಹಾಲೆಂಡಿನ ಇಬ್ಬರು ಶುರು ಮಾಡಿದ್ದು, ಪುಕ್ಕಟೆ ಸಿಗ್ತದ. ದೊಡ್ಡಾಟದಾಗ ನಮ್ಮೂರ ಹುಡುಗ ಭೀಮನ ಸೋಗು ಹಾಕಿದಂಗ, ಹೊಸ ಲ್ಯಾಪ್‌ಟಾಪ್ ಹಳೇ ಡಾಸ್ ಮಷೀನಿನ ಸೋಗು ಹಾಕ್ತದ. ಟರ್ಬೊ ಸಿ ಕಲಿಯೋ ಕಾಲೇಜು ಹುಡುಗರೂ ಇದರೊಳಗೇ ಆ ನೀಲಿ ಪರದೆ ತೆಗೀತಾರ.

ಗ್ವಾಡಿ ಮ್ಯಾಗಿಂದನೇ ಲ್ಯಾಪ್‌ಟಾಪ್ ಇಸ್ಕೊಂಡೆ. ಡಾಸ್‌ಬಾಕ್ಸ್ ಹಾಕಿದೆ, ಕಪ್ಪು ಪರದೆ ಬಂತು. ‘ಮೌಂಟ್’ ಅಂತ ಬರೆದು ಆಟದ ಫೋಲ್ಡರನ್ನೇ ಸಿ ಡ್ರೈವ್ ಅಂತ ನಂಬಿಸಿದೆ. ಕಂಟ್ರೋಲ್ ಹಿಡಿದು ಎಫ್11 ಒತ್ತಿದ್ರ ಮಷೀನ್ ನಿಧಾನ, ಎಫ್12 ಒತ್ತಿದ್ರ ಜೋರು. ಪ್ರಿನ್ಸ್ ಎದ್ದ!

“ತಡಿ ತಮ್ಮಾ, ಹಂಗ ಅಲ್ಲ. ‘ಪ್ರಿನ್ಸ್’ ಅಂತ ಬರೆದು ಮುಂದ ‘ಮೆಗಾಹಿಟ್’ ಸೇರಿಸು.”

ಬಿ.ಪಿ. ಗುಳಿಗಿ ತಗೊಂಡ್ರೋ ಇಲ್ಲೋ ಅಂತ ಕಾಕಿನ್ನ ಕೇಳೋ ಮನಷಾಗ ಈ ಕಳ್ಳಮಂತ್ರ ಮಾತ್ರ ನೆನಪದ. ಅದು ಹಾಕಿದ್ರ ಶಿಫ್ಟ್ ಜೊತಿ ಟಿ ಒತ್ತಿ ಜೀವ ಏರಿಸ್ಕೋಬಹುದು. ರಾಜಕುಮಾರಿನ್ನ ಬಿಡಿಸಲಿಕ್ಕ ಆಟ ಕೊಡೋದು ಬರೇ 60 ನಿಮಿಷ. ದಿನಾ ಪೂರಾ ಖಾಲಿ ಇರೋ ಪಿಂಚಣಿದಾರಗ ಇದೆಂಥಾ ಅನ್ಯಾಯ!

“ಮತ್ತ ಆ ಗುಂಡಿನ ಆಟ? ಎಕ್ಸ್‌ಪಿ ಒಳಗಿನ ಪಿನ್‌ಬಾಲ್?”

“ಅದು ವಿಸ್ಟಾದಾಗೇ ಹೋಯ್ತಲ್ರಿ. 64 ಬಿಟ್‌ಗೆ ಒಗ್ಗಿಸೋವಾಗ ಗುಂಡು ಯಾವುದಕ್ಕೂ ಬಡೀದೆ ಸೀದಾ ತೂರಿ ಹೋಗ್ತಿತ್ತಂತ. ಕಾರಣ ಸಿಗದೆ ಕೈಬಿಟ್ಟಿವಿ ಅಂತ ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಬರದಾರ.”

“ಮಾಡಿದವರೇ ಸೋತ್ರ ನಾವ್ಯಾರು?”

“ಪ್ರಿನ್ಸ್ ಮಾಡಿದವನ ಮನ್ಯಾಗೂ ಸೋರ್ಸ್ ಕೋಡ್ ಕಳದಿತ್ರಿ. 2012ರಾಗ ಅವರಪ್ಪಗ ಹಳೇ ಫ್ಲಾಪಿ ಡಬ್ಬಿ ಸಿಕ್ತು. ಅದರೊಳಗಿಂದ ಕೋಡ್ ಎತ್ತಿ ಮಗ ಎಲ್ಲರಿಗೂ ಬಿಟ್ಟ.”

ಕಾಕಾ ಹಿಗ್ಗಿದ್ರು. “ಅದಕ್ಕ ನಾ ಏನೂ ಒಗಿಯಂಗಿಲ್ಲ! ಈಗಿನ ಹುಡುಗ್ರ ಮೊಬೈಲ್ ಆಟಾನೂ ಹಿಂಗೇ ಎಬ್ಬಿಸಬಹುದೇನು?”

“ಇಲ್ರಿ. 2020ರಾಗ ಪಬ್‌ಜಿ ಬಂದ್ ಆದಾಗ ಮೊಬೈಲ್‌ನಾಗ ಆಟ ಹಂಗೇ ಇತ್ತು, ಸರ್ವರ್ ಬಂದಾಯ್ತು, ಹುಡುಗ್ರು ಪೂರಾ ಕಂಗಾಲು. ಆ ಆಟದ ಅರ್ಧ ಜೀವ ಕಂಪನಿ ಕಡೇನೇ ಇರ್ತದ. ಯಾವ ಡಾಸ್‌ಬಾಕ್ಸ್ ಬಂದ್ರೂ ಏನ್ ಮಾಡ್ತದ?”

“ಹಂಗಾದ್ರ ನನ್ನ ಪ್ರಿನ್ಸ್‌ಗೆ ಪುನರ್ಜನ್ಮ, ಮೊಮ್ಮಗನ ಆಟಕ್ಕ ಸೀದಾ ಮೋಕ್ಷ ಅನ್ನು!” ಅಂತ ಕಾಕಾ ಲ್ಯಾಪ್‌ಟಾಪ್ ಕಸ್ಕೊಂಡು, ನನ್ನ ಪೆನ್‌ಡ್ರೈವ್‌ನಾಗೂ ಒಂದು ಕಾಪಿ ಇಟ್ಕೊ ಅಂತ ಹುಕುಂ ಮಾಡಿದ್ರು.