ಮಂಡಿಯಿಲ್ಲದ ಮಾಂತ್ರಿಕನ ರಂಗಪ್ರವೇಶ

ಕರ್ಕಿಯಲ್ಲಿ ವೇಷ ಕಟ್ಟುವವರಿಗಿಂತ ಕಟ್ಟಿದ ವೇಷದಲ್ಲಿ ತಪ್ಪು ಹುಡುಕುವವರು ಹೆಚ್ಚು. ಇದು ದೂರಲ್ಲ, ಹೆಮ್ಮೆ. ಹಾಸ್ಯಗಾರ ಮನೆತನದಿಂದ ಯಕ್ಷಗಾನದಲ್ಲಿ ಹೆಸರಾದ ಊರು ಇದು. ಶರಾವತಿ ದಾಟಿ ಸ್ವಲ್ಪ ಹೋದರೆ ಗುಣವಂತೆಯ ಕೆರೆಮನೆ. ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ್ದು ಅಲ್ಲಿಂದಲೇ. ಇಂಥ ಎರಡು ಕಡೆಯ ಗಾಳಿ ಕುಡಿದು ಬೆಳೆದವರಿಗೆ ಕಿರೀಟ ಒಂದು ಬೆರಳು ವಾಲಿದರೂ ರಾತ್ರಿ ನಿದ್ದೆ ಬಾರದು. ಮದುವೆಮನೆಯಲ್ಲಿ ಮದುಮಗನ ಪೇಟ ನೋಡಿ ‘ಮುಂಡಾಸು ಕಟ್ಟಿದ್ದು ಯಾರು?’ ಎಂದು ವಿಚಾರಿಸುವ ಜನ.

ಇಂಥ ಊರಿಗೆ ಒಂದು ಪುಟ್ಟ ಡಬ್ಬಿಯಲ್ಲಿ ಕೂತು ಪರದೇಶದ ಮಾಂತ್ರಿಕನೊಬ್ಬ ಬಂದ. ಅಮೆರಿಕದಲ್ಲಿರುವ ನೆಂಟರು ನಮ್ಮ ಮನೆಯ ಹುಡುಗನಿಗೆಂದು ತಂದ ಲೆಗೋ ಆಟಿಕೆ. ಡಬ್ಬಿಯ ಮೇಲೆ 9469 ಎಂಬ ಸಂಖ್ಯೆ, ಒಳಗೆ 83 ತುಂಡು. ಜೋಡಿಸಿದರೆ ಒಂದು ಗಾಡಿ, ಒಂದು ಕುದುರೆ, ಮೊನಚು ಟೋಪಿ ಹಾಕಿ ಕೋಲು ಹಿಡಿದ ಗ್ಯಾಂಡಾಲ್ಫ್, ಗುಂಗುರು ಕೂದಲ ಫ್ರೋಡೋ, ಗಾಡಿಯಲ್ಲಿ ಪಟಾಕಿ, ಕುದುರೆಗೆ ಒಂದು ಗಜ್ಜರಿ. ಟೋಲ್ಕಿನ್ 1954–55ರಲ್ಲಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯದು. 2001ರಿಂದ ಮೂರು ವರ್ಷ ಪೀಟರ್ ಜಾಕ್ಸನ್ ಅದನ್ನು ಸಿನಿಮಾ ಮಾಡಿದ. 2012ರಲ್ಲಿ ಲೆಗೋದವರು ಡಬ್ಬಿಗೆ ತುಂಬಿದರು. ಆ ಸಾಲಿನಲ್ಲಿ ಕೋಟೆ, ಗುಹೆ, ಯುದ್ಧ ಎಲ್ಲ ಇತ್ತು. ಅಂಗಡಿಯಲ್ಲಿಟ್ಟ ಡಬ್ಬಿಗಳಲ್ಲಿ ಇದೇ ಅತಿ ಸಣ್ಣದು, ಬೆಲೆ 12.99 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 700 ರೂಪಾಯಿ. ನೆಂಟರು ಪ್ರೀತಿ ತೋರಿಸಿದ ಹಾಗೂ ಆಯಿತು, ಬ್ಯಾಗಿನ ತೂಕ ಉಳಿದ ಹಾಗೂ ಆಯಿತು.

ಮೊದಲ ವಿಮರ್ಶೆ ಬಂದದ್ದು ಜಗಲಿಯಿಂದ. ನಮ್ಮ ದೊಡ್ಡಪ್ಪ ಕವಳ ಹಾಕಿ ಕೂತಿದ್ದ. ಮಾಂತ್ರಿಕನನ್ನು ಎರಡು ಬೆರಳಲ್ಲಿ ಎತ್ತಿ, ಕನ್ನಡಕ ಮೇಲೆ ಸರಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದ. ತೀರ್ಪು ತಡವಾಗಲಿಲ್ಲ.

“ಇವಂಗೆ ಮಂಡಿನೇ ಇಲ್ಲೆ! ಮಂಡಿ ಇಲ್ದೇ ಹೋದವ ಎಂತ ಕುಣಿತ?”

ಮಾತು ನಿಜ. ಲೆಗೋ ಮನುಷ್ಯ ಹುಟ್ಟಿದ್ದು 1978ರಲ್ಲಿ. ಅಂದಿನಿಂದ ಇಂದಿನವರೆಗೂ ಅವನ ಕಾಲು ಸೊಂಟದಲ್ಲಿ ಮಾತ್ರ ಮಡಚುತ್ತದೆ. ಯಕ್ಷಗಾನದ ಬಡಗುತಿಟ್ಟಿನ ನೆಲದಲ್ಲಿ ಮಂಡಿಯೂರಿ ಗಿರಗಿರ ತಿರುಗದವನನ್ನು ವೇಷಧಾರಿ ಎಂದು ಒಪ್ಪುವುದು ಹೇಗೆ? ಫ್ರೋಡೋನದು ಇನ್ನೂ ದೊಡ್ಡ ಪಾಡು. ಅವ ಕುಳ್ಳರ ಜಾತಿಯವ ಎಂದು ಕಂಪನಿಯವರು ಗಿಡ್ಡ ಕಾಲು ಕೊಟ್ಟಿದ್ದಾರೆ. ಅದು ಸೊಂಟದಲ್ಲೂ ಮಡಚದು. ಕೂರಲಾರ, ನಡೆಯಲಾರ, ಒಂದು ನಮಸ್ಕಾರ ಹಾಕಲೂ ಆಗದು. ಅದೇ 2012ರಲ್ಲಿ ಲೆಗೋದವರು ಕುದುರೆಗೆ ಮಾತ್ರ ಹಿಂಗಾಲು ಮಡಚುವ ಹೊಸ ಅಚ್ಚು ಮಾಡಿದರು; ಮುಂಗಾಲೆತ್ತಿ ಜಬರದಸ್ತಾಗಿ ನಿಲ್ಲುತ್ತದೆ. ದೊಡ್ಡಪ್ಪ ಅದನ್ನೂ ಪರೀಕ್ಷೆ ಮಾಡಿದ. “ಕುದ್ರೆ ಅಡ್ಡಿಲ್ಲೆ” ಎಂದ. ನಮ್ಮ ಕಡೆ ಅಡ್ಡಿಲ್ಲೆ ಅಂದರೆ ರಾಜ್ಯ ಪ್ರಶಸ್ತಿ ಬಂದಂತೆಯೇ.

ಈ ಆಟಿಕೆ ಮಾಡುವ ಕಂಪನಿಯನ್ನು 1932ರಲ್ಲಿ ಡೆನ್ಮಾರ್ಕಿನ ಬಿಲ್ಲುಂಡ್ ಎಂಬಲ್ಲಿ ಶುರುಮಾಡಿದ್ದು ಓಲೆ ಕಿರ್ಕ್ ಕ್ರಿಸ್ತಿಯಾನ್ಸನ್ ಎಂಬ ಬಡಗಿ, ಮೊದಲು ಮರದ ಆಟಿಕೆಯನ್ನೇ ಮಾಡುತ್ತಿದ್ದ ಎಂದು ನಾನು ಹೇಳಿದ ಮೇಲೆ ದೊಡ್ಡಪ್ಪ ಸ್ವಲ್ಪ ಮೆತ್ತಗಾದ. ಹಗುರ ಮರ ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿ ಕಿರೀಟ, ಭುಜಕೀರ್ತಿ, ಎದೆಕಟ್ಟು ಮಾಡುವ ಗುಡಿಗಾರರನ್ನು ಕಂಡವನಿಗೆ ಬಡಗಿಯ ಮೇಲೆ ಗೌರವ ಇದ್ದೇ ಇದೆ. “ಮರ ಬಿಟ್ಟು ಪ್ಲಾಸ್ಟಿಕ್ಕಿಗೆ ಹೋದದ್ದೇ ಕೆಟ್ಟತು” ಎಂದು ಕಡೆಗೂ ಒಂದು ಕೊಕ್ಕೆ ಹಾಕಿಯೇ ಬಿಟ್ಟ. ಹಾಗೆ ಹೋದದ್ದರಿಂದಲೇ 1958ರಲ್ಲಿ ಪೇಟೆಂಟಿಗೆ ಹಾಕಿದ ಆ ಗುಬುಟು-ಕೊಳವೆಯ ಇಟ್ಟಿಗೆ ಹುಟ್ಟಿತು, ಆಗಿನ ಇಟ್ಟಿಗೆಗೆ ಇವತ್ತಿನದು ಸರಿಯಾಗಿ ಕೂರುತ್ತದೆ ಎಂದರೆ ನಂಬಲೇ ಇಲ್ಲ. ಪಾಪ, ಕಳೆದ ವರ್ಷ ಮಾಡಿಸಿದ ಕಿಟಕಿಗೆ ಈ ವರ್ಷ ಬಾಗಿಲು ಕೂರದ ಮನೆಯಲ್ಲಿ ಅವನ ವಾಸ.

ಕಥೆ ಏನು ಎಂಬ ಪ್ರಶ್ನೆ ಆಮೇಲೆ ಬಂತು. ಫ್ರೋಡೋನ ಹಿರಿಯ ಬಿಲ್ಬೋನಿಗೆ 111ನೇ ಹುಟ್ಟುಹಬ್ಬ. ಪಟಾಕಿ ಗಾಡಿ ಹೊಡೆದುಕೊಂಡು ಮಾಂತ್ರಿಕ ಬರುತ್ತಾನೆ. ಅದೇ ದಿನ ಫ್ರೋಡೋನಿಗೆ 33 ತುಂಬುತ್ತದೆ, ಅವರಲ್ಲಿ ಅದು ಪ್ರಾಯಕ್ಕೆ ಬರುವ ವಯಸ್ಸು ಎಂದು ಹುಡುಗ ವಿವರಿಸಿದ. ಒಳಗಿನಿಂದ ದೊಡ್ಡಾಯಿಯ ಕಿವಿ ಚುರುಕಾಯಿತು.

“ಮೂವತ್ಮೂರಾದ್ರೂ ಮದ್ವೆ ಆಜಿಲ್ಯಾ? ಅಡಕೆ ತೋಟ ಇದ್ದಾ ಅವಂಗೆ?”

ಹೆಣ್ಣು ಸಿಗದೆ ಕೂತ ಜಿಲ್ಲೆಯ ಪ್ರಾಯದ ಮಾಣಿಗಳ ಗೋಳು ಬಲ್ಲವರಿಗೆ ಈ ಪ್ರಶ್ನೆಯ ಆಳ ಗೊತ್ತು. ಫ್ರೋಡೋನಿಗೆ ಸ್ವಂತ ಮನೆ ಇದೆ, ಹೂದೋಟ ಇದೆ, ಆದರೆ ಕಥೆ ಮುಗಿದರೂ ಮದುವೆ ಆಗುವುದಿಲ್ಲ ಎಂದೆ. “ಹಾಂಗಾರೆ ನಮ್ಮ ಬದಿಯವನೇಯ” ಎಂದು ದೊಡ್ಡಾಯಿ ಅವನನ್ನು ಮನೆಗೆ ಸೇರಿಸಿಕೊಂಡಳು.

ದೊಡ್ಡಪ್ಪನಿಗೆ ಮಾತ್ರ ಬೇರೆಯೇ ಹೊಳೆದಿತ್ತು. ಗಡ್ಡದ ಮುದುಕ, ಕೈಯಲ್ಲಿ ಕೋಲು, ಸುಖವಾಗಿದ್ದ ಮನೆಗೆ ಬಂದು ಮುಂದೊಂದು ದಿನ ಹುಡುಗನನ್ನು ರಾಕ್ಷಸರ ಕೆಲಸಕ್ಕೆ ಹೊರಡಿಸುತ್ತಾನೆ. ಇದು ವಿಶ್ವಾಮಿತ್ರ ಅಲ್ಲದೆ ಮತ್ತೆ ಯಾರು? ದಶರಥನ ಅರಮನೆಗೆ ಬಂದು ‘ರಾಮನನ್ನು ಕಳಿಸು’ ಎಂದವನೇ ಅಲ್ಲವೇ? ಅಷ್ಟು ಹೊಳೆದದ್ದೇ ತಡ, 83 ತುಂಡಿನ ಸರಕಿನ ಮೇಲೆ ಒಂದು ಪೂರ್ತಿ ಪ್ರಸಂಗ ಏರಿತು. ಹುಡುಗ ವಿಶ್ವಾಮಿತ್ರ, ದೊಡ್ಡಪ್ಪ ದಶರಥ, ಫ್ರೋಡೋ ರಾಮ. ಲಕ್ಷ್ಮಣನಿಗೆ ಒಂದು ಬೆಂಕಿಪೊಟ್ಟಣ.

ದಶರಥನ ಅರ್ಥ, ಅಂದರೆ ಮಾತು, ಶುರುವಾಯಿತು. ಹಾಲುಗಲ್ಲದ ಮಗು ಎಂದ. ಬೇಕಾದರೆ ಸೈನ್ಯ ಸಮೇತ ನಾನೇ ಬರುತ್ತೇನೆ ಎಂದ. ಕೊಟ್ಟ ಮಾತು ದೊಡ್ಡದೋ, ಪುತ್ರವಾತ್ಸಲ್ಯ ದೊಡ್ಡದೋ ಎಂದು ತಾನೇ ಕೇಳಿ, ಎರಡು ಪಕ್ಷವನ್ನೂ ತಾನೇ ಹಿಡಿದು ವಾದ ಮಾಡಿದ. ನಡುವೆ ಎರಡು ಸಲ ಕವಳ ಉಗಿದು ಬಂದ. ಜಗಲಿಯ ಮೇಲೆ ಗಾಡಿ ನಿಂತಲ್ಲೇ ನಿಂತಿತ್ತು. ಮಾತೇ ಆಟವಾದ ತಾಳಮದ್ದಳೆಯಲ್ಲಿ ಮೂರ್ತಾಸು ಪೀಠಿಕೆ ಹಾಕುವ ಗಂಟಲಿಗೆ ಎದುರಾಳಿ ಎಂಟು ವರ್ಷದವ ಎಂಬ ಕನಿಕರ ಎಲ್ಲಿಂದ ಬರಬೇಕು? ಕಡೆಗೆ ವಿಶ್ವಾಮಿತ್ರನೇ ತಾಳ್ಮೆ ತಪ್ಪಿದ: “ಅಜ್ಜಾ, ಗಾಡಿ ಹೋಗ್ಲಾ!” ಶಾಪ ಕೊಡದೆ ಬಿಟ್ಟದ್ದು ಅವನ ದೊಡ್ಡತನ.

ಮೂಲ ಕಥೆಗೆ ಅಪಚಾರವಾಯಿತು ಎಂದು ಟೋಲ್ಕಿನ್ ಭಕ್ತರು ಮುನಿಯಬಾರದು. ಕೊಡು-ಕೊಳ್ಳುವುದರಲ್ಲಿ ನಮ್ಮ ಕಡೆಯವರು ಮೊದಲಿಂದ ಧಾರಾಳಿಗಳು. 1842ರ ಸುಮಾರಿಗೆ ಉತ್ತರ ಕನ್ನಡದ ಮೇಳವೊಂದು ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಅಲ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ತಮ್ಮ ಆಶ್ರಯದ ವಿಷ್ಣುದಾಸ ಭಾವೆಗೆ ‘ಇಂಥದೊಂದು ನಮ್ಮ ಭಾಷೆಯಲ್ಲೂ ಆಗಲಿ’ ಎಂದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು, ಮರಾಠಿ ನಾಟಕ ತನ್ನ ವಯಸ್ಸನ್ನು ಅಲ್ಲಿಂದ ಎಣಿಸುತ್ತದೆ. ಹೋದ ಮೇಳ ಕರ್ಕಿಯದು ಎಂಬುದು ಊರವರ ಮಾತು. ಎದುರು ಹೇಳಿದರೆ ಚಹಾ ಸಿಗದು. ಆ ಎರವಲಿಗೆ ನಾವು ಒಂದು ದಮ್ಮಡಿ ಹಕ್ಕಿನ ಹಣ ಕೇಳಿದವರಲ್ಲ. ಈಗಿನ ಕಾಲದಲ್ಲಿ ಪ್ಲಾಸ್ಟಿಕ್ ಗಡ್ಡಕ್ಕೂ ಕರಾರುಪತ್ರ ಬೇಕು.

ಹಕ್ಕಿನ ಮಾತು ಬಂದದ್ದರಿಂದ ಇನ್ನೊಂದು ತಮಾಷೆ. ಇಟ್ಟಿಗೆಯ ಪೇಟೆಂಟು ಎಂದೋ ಮುಗಿದಿದೆ. ಅದರ ಆಕಾರವನ್ನೇ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಕಂಪನಿ ಕೋರ್ಟು ಹತ್ತಿತು. 2005ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಆಗದು ಎಂದಿತು, 2010ರಲ್ಲಿ ಯುರೋಪಿನ ನ್ಯಾಯಾಲಯವೂ ಆಗದು ಎಂದಿತು. ಆದರೆ 2015ರಲ್ಲಿ ಆ ಮಂಡಿಯಿಲ್ಲದ ಮನುಷ್ಯನ ಆಕಾರದ ಟ್ರೇಡ್‌ಮಾರ್ಕ್ ಯುರೋಪಿನಲ್ಲಿ ಉಳಿಯಿತು. ಅಂದರೆ ಇಟ್ಟಿಗೆ ಲೋಕದ್ದು, ಮನುಷ್ಯ ಮಾತ್ರ ಕಂಪನಿಯದು. ಇಡಗುಂಜಿ ತೇರಿನ ಪೇಟೆಯಲ್ಲಿ ಸಿಗುವ ನಕಲಿ ಡಬ್ಬಿಗಳಿಗೆ ಈ ಕಾನೂನಿನ ಅರಿವಿಲ್ಲ. ಅಲ್ಲಿ ಮಾಂತ್ರಿಕನ ಟೋಪಿ ಪೊಲೀಸಪ್ಪನ ತಲೆಗೂ ಏರುತ್ತದೆ, ಕುದುರೆಯ ಜಾಗದಲ್ಲಿ ಮೊಸಳೆ ಇರುತ್ತದೆ. ಪ್ರಸಂಗಕ್ಕೆ ಇನ್ನೂ ಅನುಕೂಲ.

ನನ್ನ ವಾದ ಇಷ್ಟೇ: ಆಟಿಕೆ ಸಣ್ಣದಾದಷ್ಟೂ ಆಟ ದೊಡ್ಡದು. ವೇಷ ಕಟ್ಟುವ ಚೌಕಿ ಬಿಟ್ಟು ರಂಗಸ್ಥಳಕ್ಕೆ ಬಂದರೆ ಅಲ್ಲಿ ಎಷ್ಟು ಸಾಮಾನಿರುತ್ತದೆ? ಒಂದು ರಥ. ಅದೇ ಸಿಂಹಾಸನ, ಅದೇ ಕೈಲಾಸ, ಅದೇ ಕುರುಕ್ಷೇತ್ರ. ಉಳಿದದ್ದು ಭಾಗವತನ ಗಂಟಲಲ್ಲಿ, ವೇಷಧಾರಿಯ ಬಾಯಲ್ಲಿ. ತಾಳಮದ್ದಳೆಗೆ ಅಷ್ಟೂ ಬೇಡ. ಪಂಚೆ ಉಟ್ಟು ಕೂತವರೇ ಲಂಕೆ ಸುಡುತ್ತಾರೆ. ನಮ್ಮ ಮನೆಯ 83 ತುಂಡಿನಲ್ಲಿ ಗಜ್ಜರಿ ಕಸಬರಿಗೆಗೆ ಸಿಕ್ಕಿ ಹೋಗಿ, ಅದರ ಜಾಗಕ್ಕೆ ಗುಲಗಂಜಿ ಬಂದಿದೆ. ಗಾಡಿ ಕವುಚಿದರೆ ಬೆಟ್ಟ, ಮಗುಚಿದರೆ ಶರಾವತಿಯ ದೋಣಿ. ಕುದುರೆಗೆ ಹಸಿವು ಕಡಿಮೆಯಾದದ್ದೇನೂ ಕಾಣಲಿಲ್ಲ.

ಬೆಂಗಳೂರಲ್ಲಿ ನಮ್ಮವನೇ ಒಬ್ಬ ಇದ್ದಾನೆ, ಐಟಿಯವ. 2023ರಲ್ಲಿ ಬಂದ ಲೆಗೋ ರಿವೆಂಡೆಲ್ ತರಿಸಿದ. ಅದೇ ಕಥೆಯ ಎಲ್ಫರ ಊರು. 6,167 ತುಂಡು, 500 ಡಾಲರಿನ ಬೆಲೆ. ರಜೆ ಹಾಕಿ ಕಟ್ಟಿದ, ಜೋಡಿಸುವ ಪುಸ್ತಕದಲ್ಲಿ ತೋರಿಸಿದ್ದಕ್ಕಿಂತ ಒಂದು ಕೂದಲೂ ಆಚೀಚೆ ಆಗದಂತೆ. ಕಟ್ಟಿ ಗಾಜಿನ ಕಪಾಟಿನಲ್ಲಿಟ್ಟ, ದೀಪ ಹಾಕಿದ, ಬೀಗವನ್ನೂ ಹಾಕಿದ. ಮಗ ಹತ್ತಿರ ಹೋದರೆ ‘ಮುಟ್ಟಬೇಡ’ ಎನ್ನುತ್ತಾನೆ. ಧೂಳು ಕೂತರೆ ಬ್ರಷ್ಷು ಹಿಡಿದು ತಾನೇ ಒರೆಸುತ್ತಾನೆ. ದೊಡ್ಡಪ್ಪ ಮೊನ್ನೆ ಅಲ್ಲಿಗೆ ಹೋದವ ಕಪಾಟಿನೆದುರು ಕುರ್ಚಿ ಹಾಕಿ ಬಹಳ ಹೊತ್ತು ಕೂತ. ಸೌಂದರ್ಯಕ್ಕೆ ಮರುಳಾದ ಎಂದು ಐಟಿಯವನಿಗೆ ಖುಷಿಯೋ ಖುಷಿ. “ಹೆಂಗಿದ್ದು ದೊಡ್ಡಪ್ಪಾ?” ಎಂದು ಕೇಳಿಯೂ ಕೇಳಿದ.

“ಚೌಕಿ ಅಡ್ಡಿಲ್ಲೆ ತಮಾ. ಆಟ ಎಷ್ಟೊತ್ತಿಗೆ ಶುರು?”