ಗಡಿಯಾರಗಳ ಗಣಿಗಾರಿಕೆ

ದೇಶಕ್ಕೆಲ್ಲ ಒಂದೇ ಟೈಮು ಎಂದು ನಂಬಿದವರು ಸಂಡೂರಿನ ಅದಿರು ಲಾರಿಯ ಕಾಗದಪತ್ರ ಒಮ್ಮೆ ಬಿಡಿಸಿ ನೋಡಬೇಕು. ವೇಬ್ರಿಡ್ಜ್ ಚೀಟಿಯ ಪ್ರಕಾರ ತೂಕ ಆದದ್ದು ಬೆಳಿಗ್ಗೆ 10.42ಕ್ಕೆ ಅನ್ನಿ. ಗೇಟಿನ ಸಿಸಿಟಿವಿಯಲ್ಲಿ ಅದೇ ಲಾರಿ 10.29ಕ್ಕೇ ಹೊರಬಿದ್ದಿರುತ್ತದೆ. ಜಿಪಿಎಸ್ ಕೇಳಿದರೆ 5.12 ಅನ್ನುತ್ತದೆ. ತೂಗುವ ಮೊದಲೇ ಗೇಟು ದಾಟಿ, ನಸುಕಿನಲ್ಲೇ ರಸ್ತೆಗಿಳಿದ ಪವಾಡದ ಲೋಡು!

ಹಾಗಂತ ಯಾವ ಯಂತ್ರವೂ ಸುಳ್ಳು ಹೇಳಿಲ್ಲ. ಜಿಪಿಎಸ್ ಬರೆಯುವುದು ವಿಶ್ವಸಮಯ; ಅದಕ್ಕೆ ನಮ್ಮ ಐದೂವರೆ ತಾಸು ಸೇರಿಸಿಕೊಳ್ಳಬೇಕು. ಸಿಸಿಟಿವಿ ಡಬ್ಬಿಯೊಳಗಿನ ಹರಳು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ದಶಲಕ್ಷಕ್ಕೆ 20 ತಪ್ಪಿದರೂ ದಿನಕ್ಕೆ ಒಂದೂಮುಕ್ಕಾಲು ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷ. ಬಳ್ಳಾರಿ ಬಿಸಿಲಿಗೆ ಅದೂ ಸುಸ್ತಾಗುತ್ತದೆ. ಇನ್ನು ಒಳಗಿನ ಸೆಲ್ ಸತ್ತು ಕರೆಂಟೂ ಹೋದರೆ ಕೆಲವು ಡಬ್ಬಿಗಳು ಸೀದಾ 2000ದ ಜನವರಿ 1ಕ್ಕೆ ಹೋಗಿ ಕೂರುತ್ತವೆ. ಪಾಪ, ಆಗ ಅದಿರು ಇನ್ನೂ ಗುಡ್ಡದಲ್ಲೇ ಇತ್ತು.

ಮದ್ದು ದುಬಾರಿಯದಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಇಂಟರ್‌ನೆಟ್ಟಿನಲ್ಲಿ ಸರಿಯಾದ ಸಮಯ ಹಂಚುತ್ತದೆ. ನೆಟ್ ಇಲ್ಲದ ಕಡೆ, ಯಾವ ಡಬ್ಬಿ ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ವಾರಕ್ಕೊಮ್ಮೆ ಬರೆದಿಟ್ಟರೂ ನಡೆದೀತು. ಆದರೆ ಬರೆದಿಟ್ಟರೆ ತೊಂದರೆಯುಂಟು. ಒಂದೇ ನಂಬರಿನ ಲಾರಿ ಒಂದೇ ಗಳಿಗೆಯಲ್ಲಿ ಎರಡು ಕಡೆ ಇದ್ದದ್ದು ಗೊತ್ತಾಗಿಬಿಡುತ್ತದೆ. ಅದಕ್ಕಿಂತ 'ತಾಂತ್ರಿಕ ದೋಷ'ವೇ ವಾಸಿ. ಅದಕ್ಕೆ ಜಾಮೀನೂ ಬೇಡ, ವಕೀಲರೂ ಬೇಡ.

2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟಾಗ, ಪರ್ಮಿಟ್ಟಿಲ್ಲದೆ ಅದಿರು ಸಾಗಿಸುವ 'ಜೀರೊ ರಿಸ್ಕ್' ವ್ಯವಸ್ಥೆಯ ಹೆಸರು ನಾಡಿಗೆಲ್ಲ ಗೊತ್ತಾಯಿತು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆ ಕಾಲದಲ್ಲಿ ಕಳ್ಳಲೆಕ್ಕಕ್ಕೆ ಕಷ್ಟಪಟ್ಟು ಸುಳ್ಳು ಬರೆಯಬೇಕಿತ್ತು. ಈಗ ಆ ಶ್ರಮವೂ ಇಲ್ಲ. ಪ್ರತಿ ಯಂತ್ರವೂ ತನ್ನ ನಿಜ ತಾನು ಬರೆದುಕೊಳ್ಳಲಿ, ಒಂದರ ನಿಜ ಇನ್ನೊಂದಕ್ಕೆ ತಾಳೆಯಾಗದಿದ್ದರೆ ಆಯಿತು. ಹೊಸ ಸಾಕ್ಷ್ಯ ಕಾಯ್ದೆಯಡಿ ಕೋರ್ಟಿಗೆ ಫೈಲು ಒಪ್ಪಿಸುವಾಗ ಹ್ಯಾಶ್ ನಂಬರು ಕೊಡಬೇಕು, ಫೈಲು ತಿದ್ದಿಲ್ಲ ಎಂಬುದಕ್ಕೆ. ತಪ್ಪು ಟೈಮನ್ನು ಒಂದಕ್ಷರವೂ ತಿದ್ದದೆ ಭಕ್ತಿಯಿಂದ ಒಪ್ಪಿಸಬಹುದು.

ಗಡಿಯಾರಗಳಿಗೆ ಒಗ್ಗಟ್ಟೇ ಬರುವುದಿಲ್ಲ ಎನ್ನುವಂತಿಲ್ಲ. ಮೆಟ್ರಿ ಊರಿನ ಚಹಾದಂಗಡಿಯಲ್ಲಿ ಟಿಪ್ಪರ್ ಡ್ರೈವರೊಬ್ಬ ಮಿರ್ಚಿ ಮುರಿಯುತ್ತ ಹೇಳಿದ: "ಟೈರ್ ಪಂಚರ್ ಆಗಿ ಪರ್ಮಿಟ್ಟಿನ ಟೈಮ್ ಮೀರಿತ್ರಿ. ವೇಬ್ರಿಡ್ಜ್ ಕಾಂಟಾದಾಗೂ ಅಷ್ಟೇ, ಕ್ಯಾಮೆರಾದಾಗೂ ಅಷ್ಟೇ, ಜಿಪಿಎಸ್‌ದಾಗೂ ಅಷ್ಟೇ. ಅವತ್ತು ಒಂದ್ ಸೆಕೆಂಡೂ ಫರಕ್ ಇಲ್ಲ ನೋಡ್ರಿ!"

"ಮುಂದೆ?"

"ಮುಂದೇನ್ರಿ, ದಂಡ ನನ್ನ ಪಗಾರದಾಗ ಮುರ್ಕೊಂಡ್ರು."