ಹುದ್ದೆ ಇದೆ, ಡ್ಯೂಟಿ ಇಲ್ಲ

(ಕಿಡ್ನಿಗೆ ಕಾವಲಿರಬೇಕಿದ್ದ ಟಿಎಲ್‌ಆರ್-11 ಎಂಬ ಜೀನ್ ಮನುಷ್ಯರಲ್ಲಿ ಕೆಲಸವಿಲ್ಲದೆ ಕೂತಿದೆ. ಅದರೊಡನೆ ಮಾತುಕತೆ.)

ಪ್ರಶ್ನೆ: ಇಲಿಗಳಲ್ಲಿ ನಿಮ್ಮವರದು ಭಾರೀ ಹೆಸರಂತೆ?

ಉತ್ತರ: ಇರದೆ ಏನು ಸ್ವಾಮಿ! 2004ರಲ್ಲಿ ವಿಜ್ಞಾನಿಗಳು ನಮ್ಮವನೇ ಇಲ್ಲದ ಇಲಿಗಳನ್ನು ಪರೀಕ್ಷಿಸಿದರು. ಮೂತ್ರದ ಸೋಂಕು ಸಲೀಸಾಗಿ ಕಿಡ್ನಿಗೆ ಹತ್ತಿತ್ತು.

ಪ್ರ: ನಮ್ಮಲ್ಲಿ?

ಉ: ನನ್ನ ಆದೇಶದ ನಡುವೆಯೇ ‘ಇಲ್ಲಿಗೆ ನಿಲ್ಲಿಸಿ’ ಅಂತ ಷರಾ ಬಿದ್ದಿದೆ. ಪ್ರೋಟೀನ್ ತಯಾರಾಗೋದೇ ಇಲ್ಲ.

ಪ್ರ: ಹಾಗಿದ್ದರೆ ಹುದ್ದೆ ರದ್ದಾಗಬೇಕಿತ್ತಲ್ಲ?

ಉ: ಯಾರು ಮಾಡ್ತಾರೆ? ಕೋಶ ಒಡೆದು ಎರಡಾದಾಗಲೆಲ್ಲ ನನ್ನ ಪ್ರತಿಯನ್ನೂ ತಪ್ಪದೆ ತೆಗೀತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಅಷ್ಟು ಸಾಕು.

ಪ್ರ: ಇ. ಕೋಲಿ ಬ್ಯಾಕ್ಟೀರಿಯಾ ನುಗ್ಗಿದರೆ ಪತ್ತೆ ಹಚ್ಚೋರು?

ಉ: ನಮ್ಮ ಟಿಎಲ್‌ಆರ್ ಮನೆತನದ ನಾಲ್ಕನೇ ನಂಬರಿನವನು. ಅದರ ಹೊರಪೊರೆಯ ಲಿಪೊಪಾಲಿಸ್ಯಾಕರೈಡ್ ಕಂಡರೆ ಸಾಕು, ಗುರುತು ಹಿಡೀತಾನೆ. ಐದನೆಯವನು ಈಜುಬಾಲದ ಪ್ರೋಟೀನ್ ನೋಡಿ ಹೇಳ್ತಾನೆ. ಆಮೇಲೆ ಐಎಲ್-8 ಅನ್ನೋ ರಾಸಾಯನಿಕ ಹೊರಟು ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳ ಪಡೆಯನ್ನು ಕರೆಸ್ತದೆ. ನಾಲ್ಕನೆಯವನ ಕೆಲಸ ಏನೆಂದು ಕಂಡುಹಿಡಿದ ಬ್ರೂಸ್ ಬ್ಯೂಟ್ಲರ್‌ಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ದುಡಿದವನಿಗೆ ಒಂದು ಶಾಲೂ ಇಲ್ಲ.

ಪ್ರ: ಇಷ್ಟೇ ಜನವೇ?

ಉ: ಯೂರೊಮಾಡುಲಿನ್ ಅಂತ ಒಬ್ಬ ಇದ್ದಾನೆ, ಘಾಟಿ. ಕಿಡ್ನಿಯ ನಾಳದಲ್ಲೇ ಹುಟ್ಟಿ ಮೂತ್ರದಲ್ಲಿ ತೇಲ್ತಾನೆ. ಬ್ಯಾಕ್ಟೀರಿಯಾ ತನ್ನ ಸಣ್ಣ ಎಳೆಗಳನ್ನು ಚಾಚಿ, ಮೂತ್ರದ ದಾರಿಯ ಗೋಡೆ ಮೇಲಿನ ಮ್ಯಾನೋಸ್ ಸಕ್ಕರೆ ಹಿಡಿದು ಅಂಟಿಕೊಳ್ಳೋಕೆ ನೋಡ್ತದೆ. ಇವನ ಮೈಮೇಲೂ ಅದೇ ಸಕ್ಕರೆ! ಗೋಡೆ ಅಂದುಕೊಂಡು ಇವನನ್ನೇ ಹಿಡೀತದೆ, ಮೂತ್ರದ ಜೊತೆ ಹೊರಗೆ ಹೋಗ್ತದೆ. ಗದ್ದಲವಿಲ್ಲ, ಎಫ್‌ಐಆರ್ ಇಲ್ಲ. ಲಿಪೊಕ್ಯಾಲಿನ್ ಅನ್ನೋ ಇನ್ನೊಬ್ಬ, ಬ್ಯಾಕ್ಟೀರಿಯಾ ಕಬ್ಬಿಣ ತರೋಕೆ ಕಳಿಸಿದ ಆಳನ್ನೇ ದಾರಿಯಲ್ಲಿ ಹಿಡಿದು ಕೂರಿಸ್ತಾನೆ.

ಪ್ರ: ಇಷ್ಟೆಲ್ಲ ಇದ್ದೂ ಕಿಡ್ನಿ ಹಾಳಾಗೋದುಂಟಲ್ಲ?

ಉ: ಪಡೆ ಲಾಠಿ ಬೀಸೋವಾಗ ಕಳ್ಳ ಯಾರು, ಮನೆಯವರು ಯಾರು ಅಂತ ನೋಡಲ್ಲ ಸ್ವಾಮಿ. ಕೆಲವು ಮಕ್ಕಳ ಕಿಡ್ನಿಯಲ್ಲಿ ಆ ಏಟಿನ ಕಲೆ ಕಾಯಂ ಉಳೀತದೆ. ವಿಚಾರಣಾ ಆಯೋಗ ಮಾತ್ರ ಕೂತಿಲ್ಲ.

ಪ್ರ: ಓದುಗರಿಗೆ ಏನು ಹೇಳ್ತೀರಿ?

ಉ: ಚಳಿಜ್ವರದ ಜೊತೆ ಪಕ್ಕೆನೋವು ಬಂದರೆ ಮೆಡಿಕಲ್ ಶಾಪಿನವನು ಕೊಟ್ಟ ಎರಡು ಮಾತ್ರೆ ನುಂಗಿ ಮಲಗಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ, ಆಂಟಿಬಯಾಟಿಕ್ ಶುರುವಾಗೋ ಮೊದಲೇ ಮೂತ್ರವನ್ನು ಕಲ್ಚರ್‌ಗೆ ಕೊಡಿ.